4ರ ಊರು, 6ರ ಊರು

ವರದಿ ಬರೆಯಲು ಕೂತು ಇದು ಮೂರನೇ ದಿನ. ದೂರದ ಒಂದು ಊರಿನ ಜೊತೆ ನಮ್ಮ ಊರಿಗೆ ನೆಂಟಸ್ತನ ಬೆಳೆಸುವ ನಮ್ಮ ಗುಂಪಿಗೆ ಒಂದು ವರ್ಷ ತುಂಬಿತು. ಬರುವ ಭಾನುವಾರ ಸಭೆ. ವಾರ್ಷಿಕ ವರದಿಯನ್ನು ಕಾರ್ಯದರ್ಶಿ ಓದಬೇಕು, ಕಾರ್ಯದರ್ಶಿ ನಾನು. ಇಡೀ ಸರ್ವಿಸು ಪೋಸ್ಟಾಫೀಸಿನಲ್ಲಿ ಕಳೆದವನಿಗೆ ವರದಿ ಬರೆಯುವುದೇನೂ ಹೊಸತಲ್ಲ. ದಿನದ ಲೆಕ್ಕ, ವಾರದ ಲೆಕ್ಕ, ಸ್ಟ್ಯಾಂಪಿನ ಲೆಕ್ಕ ಅಂತ ಬರೆದು ಬರೆದು ಕೈ ಪಳಗಿದೆ. ಆದರೆ ಇದು ಮಾತ್ರ ಮುಂದೆ ಹೋಗುತ್ತಿಲ್ಲ. ಈವರೆಗೆ ಬರೆದದ್ದು ಇಷ್ಟು: ಸಭೆಗಳು 6. ಶಾಲಾ ಮಕ್ಕಳ ಪತ್ರ ವಿನಿಮಯ 2 ಸಲ. ಅವರಲ್ಲಿಗೆ ಭೇಟಿ 1. ನಮ್ಮಲ್ಲಿಗೆ ಭೇಟಿ 1. ಸಭಾ ಕಾರ್ಯಕ್ರಮ 2. ಒಂದೂ ಸುಳ್ಳಲ್ಲ. ಆದರೂ ಓದಿದರೆ ಯಾರದೋ ಬೇರೆಯವರ ಗುಂಪಿನ ವರದಿ ಹಾಗೆ ಕಾಣುತ್ತದೆ.

ನಿನ್ನೆ ಖಜಾಂಚಿ ಫೋನ್ ಮಾಡಿದ್ದರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ‘ಪೋಸ್ಟು ಮಾಷ್ಟ್ರೇ, ನನ್ನ ಲೆಕ್ಕ ರೆಡಿ ಉಂಟು. ಎಲ್ಲದಕ್ಕೂ ವೋಚರ್ ಉಂಟು. ನಿಮ್ಮದು ಎಂತ ಆಯಿತು?’ ಅಂತ ಕೇಳಿದರು. ಆಗ್ತಾ ಉಂಟು ಅಂದೆ. ಆಗ್ತಾ ಇರಲಿಲ್ಲ. ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ ಅಂತ ನನಗೆ ಚೆನ್ನಾಗಿ ಗೊತ್ತುಂಟು. ಮೂರು ಬಕೆಟ್ ನೀರಿನಲ್ಲಿ. ಅದನ್ನು ವರದಿಯ ಯಾವ ಸಾಲಿನಲ್ಲಿ ಹಾಕುವುದು ಅಂತ ತಿಳಿಯದೆ ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ವೋಚರ್ ಕೇಳುವವರಿಲ್ಲ.

ಊರಿನ ಬೋರ್ಡು

ಈ ಹುಚ್ಚು ಹಿಡಿದದ್ದು ಇಂಗ್ಲೆಂಡಿನಲ್ಲಿ. ಕೆಲವು ವರ್ಷದ ಹಿಂದೆ ಮಗಳ ಬಾಣಂತನಕ್ಕೆ ಅಂತ ನಾನು ಮತ್ತು ಮನೆಯವಳು ಅಲ್ಲಿ ಐದು ತಿಂಗಳಿದ್ದೆವು. ಸಣ್ಣ ಪೇಟೆ. ಬಾಣಂತನ ಮಾಡುವುದು ಅವಳು, ನನಗೇನು ಕೆಲಸ? ಸುಮ್ನೆ ನಡೆಯುತ್ತಿದ್ದೆ. ಪೇಟೆ ಮುಗಿಯುವಲ್ಲಿ ಒಂದು ಬೋರ್ಡು. ಊರಿನ ಹೆಸರು ದೊಡ್ಡದಾಗಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಫ್ರಾನ್ಸಿನ ಒಂದು ಊರು, ಜರ್ಮನಿಯ ಒಂದು ಊರು. ನನ್ನದು ಪೋಸ್ಟಾಫೀಸಿನ ತಲೆ ನೋಡಿ, ಮೊದಲು ಬಂದ ಯೋಚನೆ ಇದು ‘ಕೇರಾಫ್’ ಇರಬೇಕು ಅಂತ. ಈ ಊರಿಗೆ ಬರಬೇಕಾದದ್ದು ಯಾವಾಗಲಾದರೂ ದಾರಿ ತಪ್ಪಿದರೆ ಆ ಊರಿನವರ ಮುಖಾಂತರ ಬರಲಿ ಅಂತ ಬರೆದ ಹಾಗೆ.

ಪಕ್ಕದ ಮನೆಯ ಅಜ್ಜಿಯಲ್ಲಿ ಕೇಳಿದೆ. ಆ ಊರುಗಳು ಈ ಊರಿಗೆ ಜೋಡಿ ಊರಂತೆ. ಅವರು ಆ ಜೋಡಿ ಸಂಘದ ಕಮಿಟಿಯಲ್ಲಿ ಇಪ್ಪತ್ತು ವರ್ಷದಿಂದ ಇದ್ದವರು! ಮತ್ತೆ ಒಂದು ಗಂಟೆ ನನ್ನನ್ನು ಬಿಡಲಿಲ್ಲ. ಚಳಿಗಾಲದಲ್ಲಿ ಕೇಕ್ ಮಾಡಿ ಮಾರಿ, ಕ್ವಿಜ್ ನಡೆಸಿ ದುಡ್ಡು ಕೂಡಿಸುತ್ತಾರೆ. ವಸಂತ ಬಂದಾಗ ಒಂದು ಬಸ್ಸು ಮಾಡಿಕೊಂಡು ಇವರು ಅಲ್ಲಿಗೆ ಹೋಗುತ್ತಾರೆ. ಮರುವರ್ಷ ಅವರು ಇಲ್ಲಿಗೆ. ಭಾಷೆ ಅರ್ಧಂಬರ್ಧ. ಮಕ್ಕಳು ಕಾಗದ ಬರೆಯುತ್ತಾರೆ. ನಿಯಮ ಅಂತ ಇರುವುದು ಒಂದೇ: ಹೋಟೆಲಿನಲ್ಲಿ ಉಳಿಯುವ ಹಾಗಿಲ್ಲ, ಮನೆಯಲ್ಲೇ ಉಳಿಯಬೇಕು. ‘ಹೋಟೆಲಿನಲ್ಲಿ ಉಳಿದರೆ ಅದು ಟೂರು’ ಅಂದರು ಅಜ್ಜಿ.

ಅದರ ಹಿಂದೆ ಯುದ್ಧ ಉಂಟು. 1940ರ ನವೆಂಬರ್ 14ರ ರಾತ್ರಿ ಜರ್ಮನಿಯ ಬಾಂಬು ಬಿದ್ದು ಕವೆಂಟ್ರಿ ಎಂಬ ಊರು ಸುಟ್ಟುಹೋಯಿತು. ಆಮೇಲೆ ರಷ್ಯಾದ ಸ್ಟಾಲಿನ್‌ಗ್ರಾಡಿಗೂ ಅದೇ ಗತಿ ಬಂದಾಗ ಕವೆಂಟ್ರಿಯ 830 ಹೆಂಗಸರು ಒಂದು ಮೇಜುಬಟ್ಟೆಯ ಮೇಲೆ ತಮ್ಮ ಹೆಸರು ಕಸೂತಿ ಹಾಕಿಸಿ, ಜೊತೆಗೆ ಚಿಲ್ಲರೆ ದುಡ್ಡು ಕೂಡಿಸಿ ಅಲ್ಲಿಗೆ ಕಳಿಸಿದರು. 1944ರಲ್ಲಿ ಎರಡೂ ಊರು ಜೋಡಿಯಾದವು. ಕವೆಂಟ್ರಿಯವರು ಆಮೇಲೆ ಜರ್ಮನಿಯ ಡ್ರೆಸ್ಡನ್ ಜೊತೆಗೂ ಕೈಜೋಡಿಸಿದರು. ಬಾಂಬು ಹಾಕಿದವರ ಊರು, ಬಾಂಬು ತಿಂದ ಊರೂ ಹೌದು. 1950ರಲ್ಲಿ ಜರ್ಮನಿಯ ಲುಡ್ವಿಗ್ಸ್‌ಬುರ್ಗ್ ಮತ್ತು ಫ್ರಾನ್ಸಿನ ಮೊಂಬೆಲ್ಯಾರ್ ಜೋಡಿಯಾದವು. ಐದು ವರ್ಷ ಹಿಂದೆ ಒಬ್ಬರನ್ನೊಬ್ಬರು ಕೊಲ್ಲುತ್ತಿದ್ದವರು ಒಬ್ಬರ ಮನೆಯಲ್ಲಿ ಇನ್ನೊಬ್ಬರು ಮಲಗುವುದು ಅಂದರೆ ಸಣ್ಣ ವಿಷಯ ಅಲ್ಲ ಅಲ್ವಾ?

ಈಗ ಆ ಉಮೇದು ಇಳಿದಿದೆ ಅಂತ ಅಜ್ಜಿಗೆ ಬೇಜಾರು. ಕಮಿಟಿಯಲ್ಲಿ ಎಲ್ಲರೂ ಮುದುಕರೇ. 2011ರಲ್ಲಿ ಬಿಷಪ್ಸ್ ಸ್ಟಾರ್ಟ್‌ಫರ್ಡ್ ಎಂಬ ಊರು ತನ್ನ ಎರಡೂ ಜೋಡಿ ಊರುಗಳಿಗೆ ಪತ್ರ ಬರೆದು ಸಂಬಂಧ ಮುಗಿಸಿಯೇ ಬಿಟ್ಟಿತ್ತಂತೆ. (ಊರಿಗೆ ಊರು ಡೈವೋರ್ಸ್ ಕೊಡುವುದು ಅಂತ ನಾನು ಕೇಳಿದ್ದು ಅದೇ ಮೊದಲು.) ನಮ್ಮಲ್ಲೂ ಇಂಥ ಜೋಡಿ ಇಲ್ಲದಿಲ್ಲ. ಮೈಸೂರಿಗೆ ಅಮೆರಿಕದ ಸಿನ್ಸಿನಾಟಿ ಜೋಡಿ, ಬೆಂಗಳೂರಿಗೆ ಸಾನ್ ಫ್ರಾನ್ಸಿಸ್ಕೋ. ಮೈಸೂರಿನ ನೆಂಟರಿಗೆ ಈ ವಿಷಯ ಹೇಳಿದರೆ ‘ಹೌದಾ?’ ಅಂದರು. ಮೇಯರುಗಳು ಕೈಕುಲುಕಿದ ಜೋಡಿ ಅಷ್ಟೇ ಇರಬೇಕು.

ಹೆಸರಿನ ತಕರಾರು

ಊರಿಗೆ ಬಂದ ಮೇಲೂ ಆ ಬೋರ್ಡು ತಲೆಯಲ್ಲಿ ಕೊರೆಯುತ್ತಿತ್ತು. ನಮ್ಮ ಊರಿನ ಬೋರ್ಡಿನ ಕೆಳಗೆ ಯಾವ ಊರಿನ ಹೆಸರು ಬರೆಯಬಹುದು? ಮಂಗಳೂರು ಅಂದರೆ ದಿನಾ ಹೋಗಿ ಬರುವ ಜಾಗ, ಆಸ್ಪತ್ರೆಗೂ ಮದುವೆ ಜವಳಿಗೂ ಅಲ್ಲಿಗೇ. ಬೆಂಗಳೂರು ಅಂದರೆ ಅರ್ಜಿ ಕೊಡುವ ಜಾಗ. ಇವೆರಡೂ ಜೋಡಿಗೆ ಆಗುವಂಥದ್ದಲ್ಲ.

ಉತ್ತರ ಸಿಕ್ಕಿದ್ದು ಹಾವೇರಿಯಲ್ಲಿ, 2023ರ ಜನವರಿಯ ಸಾಹಿತ್ಯ ಸಮ್ಮೇಳನದ ಊಟದ ಸಾಲಿನಲ್ಲಿ. ನನ್ನ ಮುಂದೆ ಬಿಳಿ ಟೋಪಿಯ ಒಬ್ಬರು ನಿಂತಿದ್ದರು. ಎಲ್ಲಿಂದ ಅಂತ ಕೇಳಿದರು. ಕಾಸರಗೋಡು ಅಂದೆ. ‘ನಾವು ಜತ್ತರಿ’ ಅಂದರು. ಸಾಂಗ್ಲಿ ಜಿಲ್ಲೆ, ಮಹಾರಾಷ್ಟ್ರ. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಜತ್ತದ ಗಡಿ ಹಳ್ಳಿಗಳವರು ನೀರು ಕೊಡದಿದ್ದರೆ ಕರ್ನಾಟಕಕ್ಕೆ ಹೋಗ್ತೀವಿ ಅಂತ ಹೇಳಿ ಎಲ್ಲ ಪೇಪರಿನಲ್ಲೂ ಬಂದಿತ್ತು. ಅದನ್ನು ಕೇಳಿದೆ. ‘ನೀರ ಬಂದ್ರ ಯಾವ ರಾಜ್ಯ ಆದ್ರೂ ನಡೀತೈತ್ರಿ’ ಅಂತ ನಕ್ಕರು. ದ್ರಾಕ್ಷಿ ಬೆಳೆಯುವವರು. ಹೆಸರು ಬೇಡ, ನಮ್ಮ ಗುಂಪಿನಲ್ಲಿ ಅವರನ್ನು ದ್ರಾಕ್ಷಿ ಕಾಕಾ ಅನ್ನುತ್ತೇವೆ. ಗೋಧಿ ಹುಗ್ಗಿಯ ಸಾಲಿನಲ್ಲಿ ಶುರುವಾದ ಮಾತು ಸಂಜೆವರೆಗೆ ನಡೆಯಿತು.

ನೋಡಿ, 1948ರಲ್ಲಿ ಸಾಹಿತ್ಯ ಸಮ್ಮೇಳನ ನಡೆದದ್ದು ಕಾಸರಗೋಡಿನಲ್ಲಿ. ಎರಡು ವರ್ಷ ಬಿಟ್ಟು, 1950ರಲ್ಲಿ, ಸೊಲ್ಲಾಪುರದಲ್ಲಿ. ಆಗ ಇವು ಗಡಿನಾಡು ಆಗಿರಲಿಲ್ಲ, ಕನ್ನಡದ ಊರುಗಳು ಅಷ್ಟೇ. 1956ರ ನವೆಂಬರ್ 1ರ ನಂತರ ನಾವು ಕೇರಳ, ಅವರು ಮುಂಬಯಿಯ ಕಡೆ. ಮತ್ತೆ ಗಡಿ ತಕರಾರಿಗೆ ಅಂತ ಮಹಾಜನ ಆಯೋಗ ಬಂತು. 1967ರ ಅದರ ವರದಿಯಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡೂ ಇತ್ತು, ಜತ್ತ ಅಕ್ಕಲಕೋಟೆ ಕಡೆಯ ಹಳ್ಳಿಗಳೂ ಇದ್ದವು. ಇವು ಕರ್ನಾಟಕಕ್ಕೆ ಸೇರಲಿ ಅಂತಲೇ ಬರೆದಿತ್ತು. ವರದಿ ಕಪಾಟಿಗೆ ಸೇರಿತು. ಒಂದೇ ಕಟ್ಟಿನಲ್ಲಿ ಅಷ್ಟು ವರ್ಷ ಅಕ್ಕಪಕ್ಕ ಮಲಗಿದ್ದ ಎರಡು ಊರಿನವರು ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ!

ನಮ್ಮಲ್ಲಿ ಸಭೆ ಸೇರಿದ್ದು 2023ರ ನವೆಂಬರಿನಲ್ಲಿ, ಏಳು ಜನ. ಅರ್ಧ ದಿನ ಹೆಸರಿನಲ್ಲೇ ಹೋಯಿತು. ‘ಅವಳಿ ಊರು’ ಅಂತ ಇಡುವಾ ಅಂದೆ. ಅವಳಿ ಅಂದರೆ ಹುಬ್ಬಳ್ಳಿ–ಧಾರವಾಡ, 1962ರಿಂದ ಅವರದು ಒಂದೇ ಕಾರ್ಪೊರೇಷನ್, ಆ ಪದ ಅವರಿಗೆ ರಿಜಿಸ್ಟ್ರಿ ಆದ ಹಾಗೆ ಅಂದರು ಒಬ್ಬರು. ‘ಜೋಡಿ ಊರು’ ಅಂದರೆ ಮದುವೆ ದಲ್ಲಾಳಿಗಳ ಹಾಗೆ ಕೇಳುತ್ತದೆ ಅಂತ ಇನ್ನೊಬ್ಬರು. ಕೊನೆಗೆ ಚಾ ತಂದಿಟ್ಟ ನನ್ನ ಮನೆಯವಳು ‘ನೆಂಟರ ಊರು ಅಂತ ಇಡಿ ಮಾರಾಯ್ರೆ, ಇಷ್ಟಕ್ಕೆ ಎಂತ ಚರ್ಚೆ?’ ಅಂದಳು. ಅದೇ ಆಯಿತು. ಜತ್ತಕ್ಕೆ ಫೋನ್ ಮಾಡಿದರೆ ಅವರು ಅದನ್ನು ‘ಬೀಗರ ಊರು’ ಮಾಡಿಕೊಂಡರು. ಹೇಗೂ ಅರ್ಥ ಅದೇ. ಆದರೆ ಬೀಗರು ಅಂದರೆ ಮರ್ಯಾದೆ ಒಂದು ತೂಕ ಜಾಸ್ತಿ. ಅದರ ತೊಂದರೆ ಮುಂದೆ ಗೊತ್ತಾಯಿತು.

ನನಗೆ ಮಾತ್ರ ಗುಟ್ಟಿನಲ್ಲಿ ಇನ್ನೊಂದು ಹೆಸರು ಇಷ್ಟ. ಪಿನ್‌ಕೋಡಿನ ಮೊದಲ ಅಂಕೆ ನೋಡಿ. ಕರ್ನಾಟಕದ್ದು 5. ಮಹಾರಾಷ್ಟ್ರದ್ದು 4, ಕೇರಳದ್ದು 6. ಐದರ ಈಚೆ ಒಬ್ಬರು, ಆಚೆ ಒಬ್ಬರು. 1972ರಲ್ಲಿ ಇದನ್ನು ಮಾಡಿದವರು ನಮ್ಮನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ. ಆದರೂ ಎಷ್ಟು ವರ್ಷ ಸಾರ್ಟಿಂಗ್ ಮಾಡಿದ್ದೇನೆ, ಒಂದು ದಿನವೂ ಹೊಳೆದಿರಲಿಲ್ಲ.

ಐವತ್ತು ಪೈಸೆಯ ಕಾರ್ಡು

ಮೊದಲ ಕೆಲಸ ಮಕ್ಕಳ ಕಾಗದ. ವಾಟ್ಸಾಪಿನಲ್ಲಿ ವಿಡಿಯೋ ಕಾಲ್ ಮಾಡಿಸಿದರೆ ಸಾಕಲ್ವಾ ಅಂತ ನಮ್ಮ ಗುಂಪಿನ ಒಬ್ಬ ಯುವಕನ ಸಲಹೆ. ನಾನು ಒಪ್ಪಲಿಲ್ಲ. ಪೋಸ್ಟಾಫೀಸಿನವನ ಹಟ ಅಂತ ಬೇಕಾದರೆ ಹೇಳಿ. ನಮ್ಮ ಊರಿನ ಕನ್ನಡ ಶಾಲೆಯ ಏಳನೇ ಕ್ಲಾಸಿನ 31 ಮಕ್ಕಳಿಗೆ ಪೋಸ್ಟ್ ಕಾರ್ಡು ಹಂಚಿದೆವು. ಖರ್ಚು ಹದಿನೈದೂವರೆ ರೂಪಾಯಿ. ವರ್ಷದಲ್ಲೇ ಕಮ್ಮಿ ಖರ್ಚಿನ ಕಾರ್ಯಕ್ರಮ ಇದು ಅಂತ ಖಜಾಂಚಿ ಈಗಲೂ ಹೊಗಳುತ್ತಾರೆ. ಕಾರ್ಡು ಹೇಗೆ ಬರೆಯುವುದು ಅಂತ ಮಕ್ಕಳಿಗೆ ಗೊತ್ತೇ ಇರಲಿಲ್ಲ. ಒಬ್ಬ ಹುಡುಗ ವಿಳಾಸದ ಜಾಗದಲ್ಲೇ ಪೂರ್ತಿ ಕಾಗದ ಬರೆದಿದ್ದ. ಇನ್ನೊಬ್ಬಳು ‘ಇದನ್ನು ಪೋಸ್ಟ್‌ಮ್ಯಾನ್ ಓದುವುದಿಲ್ವಾ?’ ಅಂತ ಕೇಳಿದಳು. ಓದುತ್ತಾರೆ ಅಂದೆ. ಸುಳ್ಳು ಯಾಕೆ ಹೇಳುವುದು?

ಹದಿನೆಂಟು ದಿನಕ್ಕೆ ಉತ್ತರ ಬಂತು. ಆ ಮಕ್ಕಳ ಕನ್ನಡ ನಮ್ಮ ಮಕ್ಕಳಿಗೆ ಅರ್ಧ ಅರ್ಥವಾಗಲಿಲ್ಲ. ‘ನಿಮ್ಮೂರಾಗ ಸಮುದ್ರ ಐತಂತ. ಅಷ್ಟ ನೀರ ಇದ್ದು ಕುಡಿಯಾಕ ಬರಂಗಿಲ್ಲಂತ, ಖರೇನ?’ ಅಂತ ಒಂದು ಕಾರ್ಡು. ‘ಬಸ್ಸಿನ ಬೋರ್ಡ ನಿಮಗ ಓದಾಕ ಬರತೈತೇನ? ನಮ್ಮಲ್ಲಿ ಮರಾಠಿ ಇರತೈತಿ’ ಅಂತ ಇನ್ನೊಂದು. ಅದಕ್ಕೆ ನಮ್ಮ ಹುಡುಗನ ಉತ್ತರ: ‘ನಮ್ಮಲ್ಲಿ ಮಲಯಾಳಂ ಉಂಟು. ಅಜ್ಜಿಗೆ ಬರುವುದಿಲ್ಲ, ಅಜ್ಜಿ ಬಸ್ಸಿನ ಬಣ್ಣ ನೋಡಿ ಹತ್ತುತ್ತಾರೆ.’ ಕಾಸರಗೋಡಿನ ಭಾಷೆಯ ಸಮಸ್ಯೆ ಬಗ್ಗೆ ನಾನು ಎಷ್ಟೋ ಭಾಷಣ ಕೇಳಿದ್ದೇನೆ. ಈ ಹುಡುಗ ಒಂದು ಸಾಲಿನಲ್ಲಿ ಮುಗಿಸಿಬಿಟ್ಟ.

ಜೊತೆಗೆ ಪಠ್ಯಪುಸ್ತಕವನ್ನೂ ಅದಲುಬದಲು ಮಾಡಿದೆವು. ಅವರದು ಮಹಾರಾಷ್ಟ್ರದ ಬಾಲಭಾರತಿ ಅಚ್ಚು ಹಾಕಿಸಿದ ಕನ್ನಡ ಪುಸ್ತಕ, ನಮ್ಮದು ಕೇರಳದವರು ಮಾಡಿದ ಕನ್ನಡ ಪುಸ್ತಕ. ಎರಡೂ ಕರ್ನಾಟಕದ್ದಲ್ಲ! ಟೀಚರ್ ಅದನ್ನು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡುತ್ತಾ ಇದ್ದರು.

ಮೂರು ಬಕೆಟ್

2024ರ ಏಪ್ರಿಲಿನಲ್ಲಿ ನಾವು ಐವರು ಹೊರಟೆವು. ಮಂಗಳೂರಿನಿಂದ ವಿಜಯಪುರದ ರೈಲು. ಕೇರಳದಿಂದ ಮಹಾರಾಷ್ಟ್ರಕ್ಕೆ ಹೋಗಲು ಇಡೀ ಕರ್ನಾಟಕ ದಾಟಬೇಕು. ರಾತ್ರಿಯಿಡೀ ಕನ್ನಡದ ಸ್ಟೇಷನ್ನುಗಳು ಹಿಂದೆ ಹೋದವು. ವಿಜಯಪುರದಲ್ಲಿ ಕಾಕಾ ಕ್ರೂಸರ್ ಗಾಡಿ ತಂದು ನಿಂತಿದ್ದರು. ಬಿಸಿಲು ಅಂದರೆ ಅದು ಬಿಸಿಲು. ನಮ್ಮಲ್ಲಿ ಬೆವರುತ್ತದೆ, ಅಲ್ಲಿ ಬೆವರು ಬರುವ ಮೊದಲೇ ಒಣಗುತ್ತದೆ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಕಾಕಾ ತಮ್ಮ ದ್ರಾಕ್ಷಿ ತೋಟದಲ್ಲಿ ಅರ್ಧ ಕಡಿದುಹಾಕಿದ್ದರು, ಇನ್ನರ್ಧ ಬದುಕಲಿ ಅಂತ. ಗಾಡಿಯಿಂದಲೇ ಕೈ ತೋರಿಸಿದರು, ಅದರ ಬಗ್ಗೆ ಮತ್ತೆ ಮಾತಾಡಲಿಲ್ಲ.

ಅಜ್ಜಿಯ ನಿಯಮ ನಾನು ಮೊದಲೇ ಹೇಳಿದ್ದೆ: ಮನೆಯಲ್ಲೇ ಉಳಿಯಬೇಕು. ನಮ್ಮಲ್ಲಿ ಒಬ್ಬರು ಬೆನ್ನುನೋವು ಅಂತ ಹೇಳಿ ಪೇಟೆಯ ಲಾಡ್ಜಿಗೆ ಹೋದರು. ಅವರಿಗೆ ಜತ್ತದ ಬಗ್ಗೆ ಇವತ್ತಿಗೂ ನೆನಪಿರುವುದು ಲಾಡ್ಜಿನ ಫ್ಯಾನು ಮಾತ್ರ. ನಾನು ಕಾಕಾನ ಮನೆಯಲ್ಲಿ ಉಳಿದೆ. ಮನೆ ಮುಂದೆ ಸಾಲಾಗಿ ನೀಲಿ ಬ್ಯಾರಲ್ಲುಗಳು. ಅದನ್ನು ನೋಡಿದೆ, ಆದರೆ ನೋಡಿದ್ದು ತಲೆಗೆ ಹೋಗಲಿಲ್ಲ. ಒಂದು ರಾತ್ರಿ ರೈಲು, ಮೇಲೆ ಧೂಳು. ಕಾಕಾನ ಹೆಂಡತಿ ಕಾಕು ‘ಜಳಕಾ ಮಾಡ್ರಿ’ ಅಂದರು. ಬಚ್ಚಲಿನಲ್ಲಿ ಮೂರು ಬಕೆಟ್ ನೀರು ತುಂಬಿಟ್ಟಿತ್ತು. ನಾನು ತುಳುನಾಡಿನವ. ನಮಗೆ ಸ್ನಾನ ಅಂದರೆ ಹಂಡೆ ಖಾಲಿಯಾಗಬೇಕು. ಮೂರನ್ನೂ ಹೊಯ್ದುಕೊಂಡೆ. ಒಂದು ಭಾಗವತಿಕೆಯ ಪದ ಹೇಳಿಕೊಂಡು ನಿಧಾನಕ್ಕೆ ಹೊಯ್ದುಕೊಂಡೆ. ತಂಪಾಗಿ ಹೊರಗೆ ಬಂದು ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ತಿಂದು ಮಲಗಿದೆ.

ಸಂಜೆ ಕಾಕಾನ ಮೊಮ್ಮಗಳು ನನ್ನ ಹತ್ತಿರ ಬಂದು ಕೂತಳು. ಮೂರನೇ ಕ್ಲಾಸು. ಎರಡು ನಿಮಿಷ ನನ್ನನ್ನೇ ನೋಡಿ, ‘ಅಜ್ಜಾ, ನೀವು ಭಾಳ ನೀರ ಹೊಯ್ಕೋತೀರಿ. ಟ್ಯಾಂಕರ ಶುಕ್ರವಾರ ಬರತೈತಿ’ ಅಂದಳು. ಅವತ್ತು ಮಂಗಳವಾರ. ಒಳಗಿನಿಂದ ಕಾಕು ಓಡಿ ಬಂದರು. ‘ಏ, ಬೀಗರ ಮುಂದ ಹಂಗ ಮಾತಾಡ್ತಾರೇನ? ನಡಿ ಒಳಗ.’ ಹುಡುಗಿ ಎದ್ದು ಹೋದಳು. ಕಾಕು ನನ್ನ ಕಡೆ ತಿರುಗಿ ‘ಹುಡುಗೂರು ಏನರ ಅಂತಾವು, ಮನಸಿಗಿ ಹಚ್ಕೋಬ್ಯಾಡ್ರಿ’ ಅಂತ ನಕ್ಕರು. ಅವರ ಸೆರಗಿನ ತುದಿ ಒದ್ದೆಯಾಗಿತ್ತು. ಪಾತ್ರೆ ತೊಳೆಯದೆ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು ಅಂತ ಆಮೇಲೆ ಅಡುಗೆಮನೆಗೆ ಹೋದಾಗ ಕಂಡಿತು.

ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಬಚ್ಚಲಿನಲ್ಲಿ ಮತ್ತೆ ಮೂರು ಬಕೆಟ್ ತುಂಬಿ ನಿಂತಿದೆ! ಎಲ್ಲಿಂದ? ಕಾಕಾನ ಮಗ ಕತ್ತಲು ಹರಿಯುವ ಮೊದಲೇ ಬೈಕಿನಲ್ಲಿ ಎರಡು ಕ್ಯಾನು ಕಟ್ಟಿಕೊಂಡು ಯಾರದೋ ತೋಟದ ಬಾವಿಗೆ ಹೋಗಿ ಬಂದಿದ್ದ. ಎರಡು ಸಲ. ನಾನು ಅರ್ಧ ಬಕೆಟಿನಲ್ಲಿ ಮೈ ಒದ್ದೆ ಮಾಡಿಕೊಂಡು ಹೊರಗೆ ಬಂದೆ. ಬುದ್ಧಿವಂತಿಕೆ ಮಾಡಿದೆ ಅಂತ ಅಂದುಕೊಂಡೆ. ಕಾಕು ಒಳಗೆ ಹೋಗಿ ಬಕೆಟ್ ನೋಡಿ ಬಂದರು. ಮುಖ ಸಣ್ಣದಾಗಿತ್ತು. ‘ಯಾಕ್ರೀ, ನೀರ ಸ್ವಚ್ಛ ಇರಲಿಲ್ಲೇನ್ರೀ?’

ಏನು ಹೇಳುವುದು ಹೇಳಿ. ಹೊಯ್ದುಕೊಂಡರೆ ಅವರ ಮೂರು ದಿನದ ನೀರು ಹೋಗುತ್ತದೆ. ಬಿಟ್ಟರೆ ಅವರ ಬೀಗತನದ ಮರ್ಯಾದೆ ಹೋಗುತ್ತದೆ. ನಾಲ್ಕು ದಿನ ನಾನು ಆ ಬಚ್ಚಲಿನ ಒಳಗೆ ದಿನಾ ನಿಂತು ಲೆಕ್ಕ ಹಾಕುತ್ತಿದ್ದೆ, ಇವತ್ತು ಎಷ್ಟು ಹೊಯ್ದುಕೊಂಡರೆ ಸರಿ ಅಂತ. ಕೊನೆಗೆ ಒಂದೂವರೆ ಬಕೆಟಿಗೆ ನಿಂತೆ. ಅದಕ್ಕೆ ಕಾಕುವೂ ಏನೂ ಅನ್ನಲಿಲ್ಲ, ಹುಡುಗಿಯೂ ಏನೂ ಅನ್ನಲಿಲ್ಲ.

ಅಲ್ಲಿ ನಡೆದ ಸಭೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ದೇವಸ್ಥಾನದ ಮಂಟಪದಲ್ಲಿ ಆಯಿತು, ಶಾಲು ಹೊದಿಸಿದರು, ನಾನು 1948 ಮತ್ತು 1950ರ ಸಮ್ಮೇಳನದ ವಿಷಯ ಹೇಳುತ್ತಿದ್ದಾಗ ಕರೆಂಟು ಹೋಯಿತು. ಗುಡ್ಡಾಪುರದ ದಾನಮ್ಮನ ಗುಡಿಗೆ ಹೋಗಿ ಬಂದೆವು. ಆ ಬಿಸಿಲಿನಲ್ಲಿ ಐವರಿಗೆ ಉಣ್ಣೆ ಶಾಲು ಹೊದಿಸಿದ್ದು ಯಾರ ಯೋಚನೆಯೋ ಗೊತ್ತಿಲ್ಲ. ನಾವೂ ಆಮೇಲೆ ಅವರಿಗೆ ಅದನ್ನೇ ಮಾಡಿದೆವು, ಸುರಿಯುವ ಮಳೆಯಲ್ಲಿ. ಸನ್ಮಾನ ಅಂದರೆ ಕನ್ನಡಿಗರಿಗೆ ಶಾಲು ಬಿಟ್ಟು ಬೇರೆ ಎಂತದೂ ಹೊಳೆಯುವುದಿಲ್ಲವಾ?

ಗುಡ್ಡ ಜಾರಿದ್ದು

ಅವರಿಗೆ ಮಳೆ ನೋಡಬೇಕಿತ್ತು. ಆಟಿ ತಿಂಗಳಿನಲ್ಲೇ ಬನ್ನಿ, ಪತ್ರೊಡೆ ತಿನ್ನಬಹುದು ಅಂದಿದ್ದೆ. ಜುಲೈ ಕೊನೆಗೆ ಟಿಕೆಟ್ ಆಗಿತ್ತು. ಜುಲೈ 26ಕ್ಕೆ ಘಾಟಿಯಲ್ಲಿ ಎಡಕುಮೇರಿ ಹತ್ತಿರ ರೈಲು ಹಳಿಯ ಕೆಳಗಿನ ಮಣ್ಣು ಜಾರಿತು. ಆ ದಾರಿಯ ರೈಲೆಲ್ಲ ರದ್ದು. ನಾಲ್ಕೇ ದಿನಕ್ಕೆ ವಯನಾಡಿನಲ್ಲಿ ಗುಡ್ಡ ಕುಸಿದ ಸುದ್ದಿ ಬಂತು. ಜತ್ತದಿಂದ ದಿನಕ್ಕೆ ಮೂರು ಸಲ ಫೋನು, ‘ನೀವು ಅರಾಮ ಅದೀರಿಲ್ಲ?’ ಅಂತ. ವಯನಾಡು ನಮಗೆ ದೂರ ಅಂದರೂ ಕೇಳುವುದಿಲ್ಲ. ಟಿವಿಯಲ್ಲಿ ಕೇರಳ ಅಂತ ಬರುತ್ತಿತ್ತಲ್ಲ.

ಕೊನೆಗೆ ಬಂದದ್ದು ಆಗಸ್ಟ್ ಕೊನೆಗೆ, ಆರು ಜನ. ಆಟಿ ಮುಗಿದು ಸೋಣ ಶುರುವಾಗಿತ್ತು. ಮಳೆ ಮಾತ್ರ ಮುಗಿದಿರಲಿಲ್ಲ. ಮೊದಲ ರಾತ್ರಿ ನಮ್ಮ ಜಗಲಿಯ ತಗಡಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಕಾಕು ಎದ್ದು ಕೂತಿದ್ದರು. ಬೆಳಿಗ್ಗೆ ಅಂಗಳದಲ್ಲಿ ಹರಿಯುವ ನೀರು ನೋಡುತ್ತಾ ನಿಂತು ನನ್ನ ಮನೆಯವಳಲ್ಲಿ ಕೇಳಿದರು.

‘ಅಕ್ಕಾ, ಇಷ್ಟ ನೀರ ಎಲ್ಲಿಗಿ ಹೋಗತೈತ್ರಿ?’

‘ತೋಡಿಗೆ, ಮತ್ತೆ ಹೊಳೆಗೆ, ಮತ್ತೆ ಸಮುದ್ರಕ್ಕೆ.’

‘ಹಂಗ ಬಿಟ್ಟಬಿಡತೀರಿ?’

ಇವಳಿಗೆ ಉತ್ತರ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ. ವರ್ಷಕ್ಕೆ 3,500 ಮಿಲಿಮೀಟರಿನ ಹತ್ತಿರ ಮಳೆ ಬೀಳುವ ಜಿಲ್ಲೆ ನಮ್ಮದು. ಅಲ್ಲಿ 500–600 ಬಿದ್ದರೆ ಒಳ್ಳೆಯ ವರ್ಷ. ಆದರೂ ಮೇ ತಿಂಗಳಲ್ಲಿ ನಮ್ಮ ಬಾವಿಯ ತಳ ಕಾಣುತ್ತದೆ, ನಮ್ಮಲ್ಲೂ ಕೆಲವು ಕಡೆ ಟ್ಯಾಂಕರ್ ಬರುತ್ತದೆ. ಅದನ್ನು ಅವರ ಎದುರು ಹೇಳಲು ನಾಚಿಕೆಯಾಯಿತು.

ಪೇಟೆಯಲ್ಲಿ ಇಟ್ಟುಕೊಂಡಿದ್ದ ಕಾರ್ಯಕ್ರಮ ಎಡವಟ್ಟಾಯಿತು. ಬುಕ್ ಮಾಡಿದ ಹಾಲ್ ಅನ್ನು ಅದೇ ದಿನ ಒಂದು ಮದುವೆಗೂ ಕೊಟ್ಟಿದ್ದರು. ಪಕ್ಕದ ಶೆಡ್ಡಿನಲ್ಲಿ, ಮದುವೆಯ ಬ್ಯಾಂಡಿನ ಸದ್ದಿನ ನಡುವೆ ಮುಗಿಸಿದೆವು. ಮದುವೆ ಮನೆಯವರು ಪಾಪ, ಎಲ್ಲರಿಗೂ ಪಾಯಸ ಕಳಿಸಿಕೊಟ್ಟರು.

ಮರುದಿನ ಕಾಕಾನನ್ನು ಸುರಂಗ ತೋರಿಸಲು ಕರೆದುಕೊಂಡು ಹೋದೆ. ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ, ಬೇರೆಯವರಿಗೆ ಎರಡು ಮಾತು: ಗುಡ್ಡದ ಬದಿಯಿಂದ ಒಳಗೆ ಒಬ್ಬ ಮನುಷ್ಯ ಹೋಗುವಷ್ಟು ಅಗಲಕ್ಕೆ ಮುರಕಲ್ಲು ಕೊರೆದುಕೊಂಡು ಹೋಗುವುದು. ನೀರಿನ ಒರತೆ ಸಿಗುವವರೆಗೆ ಹೋಗುವುದು. ಉದ್ದವನ್ನು ಕೋಲಿನಲ್ಲಿ ಅಳೆಯುತ್ತಾರೆ, ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಒಳಗೆ ಒಂದು ಕ್ಯಾಂಡಲ್ ಇಟ್ಟುಕೊಂಡು ಕೊರೆಯುತ್ತಾರೆ. ಕ್ಯಾಂಡಲ್ ನಂದಿದರೆ ಗಾಳಿ ಇಲ್ಲ ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು. ನೀರು ತನ್ನಷ್ಟಕ್ಕೆ ಹರಿದು ಬಂದು ಹೊರಗಿನ ಟ್ಯಾಂಕಿಗೆ ಬೀಳುತ್ತದೆ. ನಾವು ನೋಡಿದ್ದು 60 ಕೋಲಿನದ್ದು. ಮಳೆಗಾಲದಲ್ಲಿ ಒಳಗೆ ಹೋಗುವುದಿಲ್ಲ, ಮಣ್ಣು ಕುಸಿಯುವ ಹೆದರಿಕೆ. ಬಾಯಿಯಲ್ಲೇ ನಿಂತೆವು. ಒಳಗಿನಿಂದ ತಣ್ಣಗೆ ಗಾಳಿ ಬರುತ್ತಿತ್ತು. ಕಾಕಾ ಟೋಪಿ ತೆಗೆದರು. ಅಡಿಕೆ ಮರದ ದಂಬೆಯಲ್ಲಿ ಬರುತ್ತಿದ್ದ ನೀರಿಗೆ ಕೈ ಒಡ್ಡಿ ಕುಡಿದರು. ಮತ್ತೊಂದು ಬೊಗಸೆ ಹಿಡಿದು ಕುಡಿಯದೆ ಹಾಗೇ ನೋಡುತ್ತಾ ನಿಂತರು, ಬೆರಳ ಸಂದಿಯಿಂದ ಸೋರಿ ಮುಗಿಯುವವರೆಗೆ.

‘ಇದಕ್ಕ ಕರೆಂಟ ಬಿಲ್ ಎಷ್ಟ ಬರತೈತ್ರಿ?’

‘ಕರೆಂಟೇ ಇಲ್ಲ ಕಾಕಾ.’

‘ಮೋಟಾರ?’

‘ಮೋಟಾರೂ ಇಲ್ಲ.’

ಅವರು ಗುಡ್ಡವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಒಂದು ತುಂಡು ಮುರಕಲ್ಲು ಹೆಕ್ಕಿ ಉಗುರಿನಿಂದ ಕೆರೆದು ನೋಡಿದರು. ಪುಡಿ ಉದುರಿತು. ‘ನಮ್ಮದು ಕರಿಕಲ್ರಿ. ಇದು ಆಗಂಗಿಲ್ಲ’ ಅಂದು ಅದನ್ನು ಜೇಬಿಗೆ ಹಾಕಿಕೊಂಡರು. ಸುರಂಗದ ಮಾಲೀಕರು ಆಗ ಮೆಲ್ಲಗೆ ಹೇಳಿದರು, ಮೇಲೆ ಗುಡ್ಡದಲ್ಲಿ ಬೋರ್‌ವೆಲ್ ಜಾಸ್ತಿಯಾದ ಮೇಲೆ ಇದೂ ಮಾರ್ಚ್‌ಗೆ ನಿಲ್ಲುತ್ತದೆ ಅಂತ. ಕಾಕಾ ಅದನ್ನು ಮಾತ್ರ ಎರಡೆರಡು ಸಲ ಕೇಳಿ ತಿಳಿದುಕೊಂಡರು.

ನಾನು ಒಳಗೊಳಗೆ ಕಾಯುತ್ತಿದ್ದದ್ದು ಬೇರೆಯದಕ್ಕೆ. ಸ್ನಾನಕ್ಕೆ. ನಮ್ಮ ಬಚ್ಚಲಿನ ಹಂಡೆಗೆ ಬಾಯಿವರೆಗೆ ನೀರು ತುಂಬಿಸಿ, ಒಲೆಗೆ ತೆಂಗಿನ ಗರಿ ಒಟ್ಟಿ, ಹಬೆಯಾಡುವ ಹಾಗೆ ಮಾಡಿದ್ದೆ. ‘ಎಷ್ಟು ಬೇಕಾದರೂ ಹೊಯ್ದುಕೊಳ್ಳಿ ಕಾಕಾ, ಇಲ್ಲಿ ನೀರಿಗೆ ಬರ ಇಲ್ಲ’ ಅಂದೆ. ಐದು ನಿಮಿಷಕ್ಕೆ ಹೊರಗೆ ಬಂದರು. ಹೋಗಿ ನೋಡಿದರೆ ಹಂಡೆ ಹೆಚ್ಚು ಕಡಿಮೆ ಹಾಗೇ ಉಂಟು. ಎರಡನೇ ದಿನವೂ ಹಾಗೇ. ನಾಲ್ಕನೇ ದಿನ ತಡೆಯಲಾಗದೆ ಕೇಳಿದೆ, ನೀರು ಬಿಸಿ ಸಾಲಲಿಲ್ವಾ ಅಂತ. ಕೇಳಿದ ಮೇಲೆ ಗೊತ್ತಾಯಿತು, ಇದು ಕಾಕು ನನ್ನಲ್ಲಿ ಕೇಳಿದ ಮಾತೇ. ಕಾಕಾ ಟವಲಿನಿಂದ ಕಿವಿ ಒರೆಸಿಕೊಳ್ಳುತ್ತಾ ನಕ್ಕರು. ‘ಹಂಗಲ್ರೀ. ರೂಢಿ ತಪ್ಪಬಾರದು. ಊರಿಗಿ ಹ್ವಾದಮ್ಯಾಲ ಮೈ ಕೇಳತೈತಿ.’

ಹಾಗಾಗಿ ನನ್ನ ಲೆಕ್ಕ ತೀರಲೇ ಇಲ್ಲ.

ಸಭೆಗೆ ಮೊದಲು

ನಮ್ಮ ಗುಂಪಿನಲ್ಲಿ ಈಗ ಎರಡು ಅಭಿಪ್ರಾಯ ಉಂಟು. ಗಡಿ ಹೋರಾಟದಲ್ಲಿ ಪ್ರಾಯ ಸವೆಸಿದ ಹಿರಿಯರೊಬ್ಬರು ‘ಇದರಿಂದ ಕಾಸರಗೋಡಿಗೆ ಎಂತ ಸಿಕ್ಕಿತು? ಒಂದು ಟೀಚರ್ ಪೋಸ್ಟು ಸಿಕ್ಕಿತಾ?’ ಅಂತ ಕೇಳಿದರು. ಸಿಗಲಿಲ್ಲ. ಅವರ ಸಿಟ್ಟಿನಲ್ಲಿ ತಪ್ಪಿಲ್ಲ. ಕನ್ನಡ ಬಾರದ ಟೀಚರನ್ನು ಕನ್ನಡ ಕ್ಲಾಸಿಗೆ ಹಾಕಿದಾಗ ಮಕ್ಕಳ ಜೊತೆ ಬೀದಿಯಲ್ಲಿ ಕೂತವರು ಅವರು, ಪೋಸ್ಟ್ ಕಾರ್ಡು ಬರೆದು ಕೂತವರಲ್ಲ. ಯುವಕನ ಅಭಿಪ್ರಾಯ ಇನ್ನೊಂದು: ಇಷ್ಟು ಖರ್ಚು ಮಾಡಿ ಹೋಗಿ ಬರುವ ಬದಲು ಆನ್‌ಲೈನಿನಲ್ಲಿ ಮಾಡಿದರೆ ಸಾವಿರ ಜನ ಸೇರುತ್ತಾರೆ. ಸೇರಬಹುದು. ಅವನಿಗೆ ನಾನು ಹೇಳಿದ್ದು ಇಷ್ಟೇ, ವಿಡಿಯೋ ಕಾಲಿನಲ್ಲಿ ಒಬ್ಬರ ನೀರು ಇನ್ನೊಬ್ಬರು ಖಾಲಿ ಮಾಡಲು ಆಗುವುದಿಲ್ಲ. ಅವನಿಗೆ ಅರ್ಥ ಆಗಲಿಲ್ಲ. ಅರ್ಥ ಆಗುವ ಹಾಗೆ ನಾನು ಹೇಳಲೂ ಇಲ್ಲ. ಮೂರು ಬಕೆಟಿನ ಕಥೆ ಈವರೆಗೆ ಯಾರಿಗೂ ಹೇಳಿರಲಿಲ್ಲ, ಮನೆಯವಳಿಗೂ.

ಇಷ್ಟು ಬರೆದ ಮೇಲೆ ನಿನ್ನೆ ರಾತ್ರಿ ವರದಿ ಹೇಗೋ ಮುಗಿಸಿದೆ. ಸಭೆಗಳು 6, ಪತ್ರ 2 ಸಲ, ಭೇಟಿ, ಕಾರ್ಯಕ್ರಮ. ಕೊನೆಗೆ ‘ಕೊಡಬೇಕಾದ ಬಾಕಿ’ ಅಂತ ಒಂದು ಕಾಲಂ ಇತ್ತು, ಖಾಲಿ. ಅಲ್ಲಿ ಬರೆದೆ: ‘ಜತ್ತ, ಏಪ್ರಿಲ್ 2024. ನೀರು, 3 ಬಕೆಟ್.’ ಬೆಳಿಗ್ಗೆ ಫೋಟೋ ತೆಗೆದು ಖಜಾಂಚಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನು ಬಂತು.

‘ಪೋಸ್ಟು ಮಾಷ್ಟ್ರೇ, ಎಲ್ಲ ಸರಿ ಉಂಟು. ಆ ಕೊನೆಯದು ಎಂತ? ಅದಕ್ಕೆ ವೋಚರ್ ಇಲ್ಲ ಅಲ್ವಾ?’